ಕೊನೆಯ ಮೆರ್ಲೊಗೆ ನಾನು ಬರೆದ ಎರಡು ಸಾಲು

ಫೆಬ್ರವರಿ ೩೦, ೨೧೮೭
ನಂದಿ ತಪ್ಪಲು

ನೂರೈವತ್ತು ವರ್ಷ ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳಿಗೆ ಹೆಸರೂ ಇಲ್ಲ, ಕೆಲಸವೂ ಇಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ರುಚಿಸಾಕ್ಷಿ. ಅಂದರೆ ಊಟ, ನೀರು ಹಂಚುವ ಮಂಡಳಿಯ ಪರವಾಗಿ ತಿಂದು, ಕುಡಿದು, ಅದು ಉಳಿಯಬೇಕೋ ಅಳಿಯಬೇಕೋ ಹೇಳುವವನು.

ನಮ್ಮದು ಸಮರುಚಿಯ ಊಟ. ಕಹಿ, ಒಗರು, ಘಾಟು ಯಾರಿಗೂ ಬೇಡವೆಂದು ಎರಡು ತಲೆಮಾರಿನ ಹಿಂದೆಯೇ ತೆಗೆದುಹಾಕಿದರು. ಹಾಗಲ ಈಗ ಸಿಹಿ, ಮೆಂತ್ಯ ಮೂಕ. ಕಾಫಿ ಎಂದು ಕೊಡುವುದನ್ನು ಮಗುವಿಗೂ ಕುಡಿಸಬಹುದು, ಮಗುವೇ ಬೇಡವೆನ್ನುತ್ತದೆ. ಹಳೆಯ ರುಚಿಯ ಬೆಳೆ ಎಲ್ಲಾದರೂ ಉಳಿದಿದ್ದರೆ, ಅದಕ್ಕೆ ನೀರು ಬಿಡಬೇಕೇ ಬೇಡವೇ ಎಂದು ಮಂಡಳಿ ನಿರ್ಧರಿಸುವುದು ನಮ್ಮ ತೀರ್ಪು ನೋಡಿ. ತೀರ್ಪು ಎರಡೇ ಸಾಲು, ಪ್ರಾಸ ಕಡ್ಡಾಯ. ಉದ್ದದ ವರದಿಗಳನ್ನು ಯಾರೂ ಓದುತ್ತಿರಲಿಲ್ಲವಾದ್ದರಿಂದ ಬಂದ ಪದ್ಧತಿ. ನನಗೆ ಈ ಕೆಲಸ ಸಿಕ್ಕಿದ್ದು ನಾಲಿಗೆಯಿಂದಲ್ಲ, ಪ್ರಾಸದಿಂದ.

ಕಳೆದ ವರ್ಷ ಬಯ್ಯಮ್ಮನವರ ತೋಟಕ್ಕೆ ಹೋದೆ. ಕೆಂಪು ವೈನ್ ಮಾಡುವ ಮೆರ್ಲೊ ದ್ರಾಕ್ಷಿಯ ಹನ್ನೊಂದು ಸಾಲು. ಭೂಮಿಯ ಮೇಲೆ ಉಳಿದದ್ದು ಅಷ್ಟೇ. ಆಕೆಯ ಮುತ್ತಜ್ಜಿ ನೆಟ್ಟದ್ದು. ನಾವು ಸಾಕ್ಷಿಗಳು ಎಲ್ಲವನ್ನೂ ಗಂಟಲಿಗೆ ಸುರಿದುಕೊಂಡು ಓಡುವವರು. ನಾನೂ ಲೋಟ ಎತ್ತಿದೆ. ಆಕೆ ಕೈ ಹಿಡಿದರು. "ತಡೀರಿ ಸ್ವಾಮಿ. ಬಾಟ್ಲಿ ಈಗ ತಾನೆ ಎದ್ದೈತೆ. ಮುಖ ತೊಳ್ಕಳ್ಲಿ."

ವೈನಿಗೆ ಗಾಳಿಯಾಡಲೆಂದು ಅರ್ಧ ಗಂಟೆ ಕಾದೆವು. ಬಳಿಕ ಲೋಟವನ್ನು ಬಿಳಿ ಬಟ್ಟೆಯ ಎದುರು ವಾಲಿಸಿ ತೋರಿಸಿದರು: ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ, ಅದು ವಯಸ್ಸಿನ ಗುರುತು. ಮೆಲ್ಲಗೆ ಸುತ್ತಿಸಿ ಮೂಗಿಟ್ಟೆ. ಮಾಗಿದ ನೇರಳೆ, ಆಮೇಲೆ ಹಳೆಯ ಮರದ ಪೆಟ್ಟಿಗೆ, ಆಮೇಲೆ ಎಲ್ಲೋ ದೂರದಲ್ಲಿ ಹೊಗೆಸೊಪ್ಪು. ಮೊದಲ ಗುಟುಕನ್ನು ನುಂಗಗೊಡಲಿಲ್ಲ. "ಬಾಯಾಗೇ ಇಟ್ಕಂಡು ಒಸಿ ಗಾಳಿ ಎಳೀರಿ. ಓಡೋಗಲ್ಲ ಅದು." ಮೊದಲು ಹಣ್ಣು ಬಂತು, ಬೆಣ್ಣೆಯಷ್ಟು ನುಣ್ಣಗೆ. ನಂತರ ಒಗರು ಒಸಡನ್ನು ಹಿಡಿಯಿತು, ಗದರದೆ, ಗೆಳೆಯ ಹೆಗಲು ಹಿಡಿಯುವ ಹಾಗೆ. ನುಂಗಿದ ಮೇಲೂ ಬಹಳ ಹೊತ್ತು ಬಿಡಲಿಲ್ಲ. ನಲವತ್ತಾರು ವರ್ಷ ನನ್ನ ಬಾಯಿಯಲ್ಲಿ ಏನೂ ನಡೆದಿರಲೇ ಇಲ್ಲ ಎಂದು ಆಗ ತಿಳಿಯಿತು.

"ಹೆಂಗೈತೆ?" ಎಂದರು. ಬರೆಯುತ್ತೇನೆ ಎಂದೆ. "ಬಾಯಾಗೂ ಒಂದ್ಮಾತು ಅನ್ನಿ ಮತ್ತೆ." ತಲೆಯಲ್ಲಿ ಪ್ರಾಸದ ಹುಡುಕಾಟ ಆಗಲೇ ಶುರುವಾಗಿತ್ತು. ಬರೆದದ್ದು ಇದು:

ಮೂಗಿಗೆ ನೇರಳೆ, ನಾಲಿಗೆಗೆ ಒಗರು;
ಮುದಿ ಬಳ್ಳಿಯಲ್ಲಿ ಇನ್ನೆಲ್ಲಿ ಚಿಗುರು?

ಎರಡನೆಯ ಸಾಲು ಸುಳ್ಳು. ಪ್ರತಿ ಬಳ್ಳಿಯೂ ಚಿಗುರಿದ್ದನ್ನು ಅಂದು ಬೆಳಿಗ್ಗೆ ಕಣ್ಣಾರೆ ನೋಡಿದ್ದೆ. ಆದರೆ ಒಗರಿಗೆ ಚಿಗುರು ಸಿಕ್ಕ ಖುಷಿಯಲ್ಲಿ ನಿಜ ಯಾರಿಗೆ ಬೇಕಿತ್ತು? ಮಂಡಳಿಯವರು ಚಪ್ಪಾಳೆ ತಟ್ಟಿದರು, ನೀರು ನಿಲ್ಲಿಸಿದರು. ತಿದ್ದಿಕೊಡುತ್ತೇನೆಂದು ಓಡಿದೆ. "ಇಷ್ಟು ಚೆನ್ನಾಗಿರೋದನ್ನ ಯಾಕ್ರೀ ಕೆಡಿಸ್ತೀರಿ, ಗವಿರಂಗಪ್ಪ?" ಎಂದರು. ಮೂರು ತಿಂಗಳಲ್ಲಿ ಹನ್ನೊಂದು ಸಾಲೂ ಒಲೆಗೆ ಹೋದವು, ತೋಟವೂ ಬೇರೆಯವರದಾಯಿತು.

ಬಯ್ಯಮ್ಮ ಬೈಯಲಿಲ್ಲ. "ಪ್ರಾಸ ಚೆನ್ನಾಗಿ ಕೂತೈತೆ ಸ್ವಾಮಿ," ಎಂದರು. "ನಮ್ಮನ್ನ ಎಬ್ಬಿಸ್ಬಿಡ್ತು."

ರುಚಿಕೋಶದಲ್ಲಿ, ಅಂದರೆ ಅಳಿದ ರುಚಿಗಳ ನಿಘಂಟಿನಲ್ಲಿ, ಮೆರ್ಲೊ ಎಂಬ ಹೆಸರಿನ ಎದುರು ಈಗಿರುವುದು ನನ್ನ ಎರಡು ಸಾಲು ಮಾತ್ರ. ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಸೊಗಸಾಗಿಯೇ ಹೇಳುತ್ತಾರೆ, ದರಿದ್ರ.

ನಿಮ್ಮ ಕಾಲದಲ್ಲಿ ಅದು ಅಂಗಡಿಯಲ್ಲೇ ಸಿಗುತ್ತಿತ್ತಂತೆ. ಒಂದು ಉಪಕಾರ ಮಾಡಿ. ಕುಡಿದವರು ಯಾರಾದರೂ, ಜಾಣತನ ತೋರದೆ, ಅದು ಹೇಗಿತ್ತೆಂದು ಸಾದಾ ಮಾತಿನಲ್ಲಿ ಬರೆದಿಡಿ. ಉದ್ದವಾದರೂ ಸರಿ, ಒರಟಾದರೂ ಸರಿ; ಕಾಲ ದಾಟಿ ಉಳಿದು ಬಂದದ್ದು ನಮ್ಮ ಕೋಶ ಸೇರುತ್ತದೆ. ಹಳೆಯ ಸಾಕ್ಷಿ ಸಿಕ್ಕರೆ ಹೊಸದನ್ನು ಅಳಿಸಬೇಕೆಂಬ ನಿಯಮ ನಮ್ಮಲ್ಲಿದೆ. ಬಯ್ಯಮ್ಮನವರು ಬದುಕಿರುವಾಗಲೇ ನನ್ನ ಸಾಲು ಅಳಿಯಬೇಕು. ಅವರಿಗೀಗ ಎಂಬತ್ತೊಂದು.

ಇಂದು ಬೆಳಿಗ್ಗೆಯೂ ಕೋಶ ತೆರೆದು ನೋಡಿದೆ. ನಿಮ್ಮಿಂದ ಏನೂ ಬಂದಿಲ್ಲ.

ಇಂತಿ,
ಗವಿರಂಗಪ್ಪ