ಸಾಕು ಅನ್ನದ ತೆನೆ

ಅಕ್ಕ,

ಇವತ್ತು ಮಧ್ಯಾಹ್ನ ನಮ್ಮ ಲ್ಯಾಬಿನ ಗಿಡಗಳ ಕೋಣೆಯ ಕಾವಲುಗಾರ ಬಾಗಿಲಲ್ಲೇ ನಿಂತು ಕರೆದ. "ಮೇಡಂ, ಮೂಲೆಯ ಭತ್ತದ ಗಿಡಕ್ಕೆ ಕಟ್ಟಿರೋ ಚೀಲ ಸದ್ದು ಮಾಡ್ತಿದೆ. ಇಲಿಯಂತೂ ಅಲ್ಲ, ಅಲ್ಲಾಡಿಸಿ ನೋಡ್ದೆ." ಒಳಗೆ ಮಾತ್ರ ಬರಲಿಲ್ಲ.

ಆ ಗಿಡ ನಿನಗೆ ಗೊತ್ತು. ಕವಲೊಡೆದದ್ದು ಸಾಕು, ಇನ್ನು ಕಾಳು ಕಟ್ಟು ಎಂದು ತೆನೆಗೆ ಹೇಳುವ ಜೀನ್ ಒಂದಿದೆ. ಅದನ್ನು ನಾನು ಕೆಡಿಸಿದ್ದ ಗಿಡ. "ನಿನಗಿಲ್ಲದ ಬುದ್ಧೀನ ಪಾಪ ಅದಕ್ಕೂ ಇಲ್ಲದ ಹಾಗೆ ಮಾಡಿದ್ಯಲ್ಲೇ" ಎಂದು ನೀನು ನಕ್ಕಿದ್ದೆ. ಬೇರೆ ಪರಾಗ ತಾಗದಿರಲೆಂದು ಅದರ ತೆನೆಗೆ ಕಾಗದದ ಚೀಲ ಕಟ್ಟುತ್ತಿದ್ದಾಗಲೇ ಆಸ್ಪತ್ರೆಯಿಂದ ನಿನ್ನ ಫೋನ್ ಬಂದದ್ದು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ. ಆಮೇಲೆ ನಾನು ಆ ಮೂಲೆಗೆ ಹೋಗಿರಲಿಲ್ಲ.

ಫ್ಯಾನ್ ಆರಿಸಿದೆ. ಸದ್ದು ನಿಲ್ಲಲಿಲ್ಲ. ಒಳಗಿನಿಂದ ಯಾರೋ ಕಾಗದವನ್ನು ಉಗುರಲ್ಲಿ ಕೆರೆಯುವ ಹಾಗಿತ್ತು. ದಾರ ಬಿಚ್ಚಿದೆ. ಒಂದು ಕಾಳೂ ಇರಲಿಲ್ಲ. ಕವಲಿನ ಮೇಲೆ ಕವಲು, ಕೂದಲಿನಷ್ಟು ಸಣ್ಣವು, ಚೀಲದ ಮೂಲೆಮೂಲೆಯನ್ನೂ ತುಂಬಿದ್ದವು. ನಾನು ನೋಡುತ್ತಿದ್ದಂತೆಯೇ ಬೆಳೆದು ಬಂದು ಅಂಗೈಗೆ ತಾಗಿದವು.

ಬಾಯಿಗೆ ಬಂದದ್ದು ನಿನ್ನ ಮಾತೇ: "ಸಾಕು ಮಾಡೇ, ಬಾ."

ಸದ್ದು ನಿಂತುಹೋಯಿತು. ತುದಿಗಳೆಲ್ಲ ನನ್ನ ಕಡೆಗೇ ತಿರುಗಿ ಸುಮ್ಮನಾದವು.

ಸಾಕು ಅನ್ನುವುದೇ ಗೊತ್ತಿಲ್ಲದ ಗಿಡ, ಅಕ್ಕ, ಒಂದೇ ಸಲಕ್ಕೆ ಮಾತು ಕೇಳಿತು. ಅವತ್ತು ಫೋನಿನಲ್ಲಿ ನೀನು ಹೇಳಿದ್ದೂ ಅಷ್ಟೇ. "ಇದೊಂದು ಚೀಲ ಕಟ್ಟಿ ಬರ್ತೀನಿ" ಅಂದಿದ್ದೆ ನಾನು.

ಈಗ ಅದೇ ಚೀಲವನ್ನು ಮತ್ತೆ ಕಟ್ಟುತ್ತಿದ್ದೇನೆ. ಗಂಟು ಕೂರುತ್ತಿಲ್ಲ.