ಬಣ್ಣ ತಿರುಗುವವರೆಗೆ ನಿಂಬೆ

ಬಣ್ಣದ ಮನೆಯ ಜಗಲಿ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳು ಚಿಟಿಕೆಗೆ,

ಹೇಗಿದ್ದೀಯಮ್ಮ? ಹೊರಡುವಾಗ ಹತ್ತಿಕೊಂಡಿದ್ದ ಆ ಒಣಕೆಮ್ಮು ನಿಂತಿತಾ, ಇಲ್ಲ ತಣ್ಣೀರು ಕುಡಿದು ಇನ್ನೂ ಸಾಕಿಕೊಂಡಿದ್ದೀಯಾ? ಮಲಗುವಾಗ ಬಿಸಿನೀರು ಕುಡಿ. ಚಿಕ್ಕಮ್ಮನ ಮೊಣಕಾಲು ಹೇಗಿದೆ ಅಂತ ನಾನು ವಿಚಾರಿಸಿದೆ ಎಂದು ಹೇಳು. ದಿನಕ್ಕೆ ಇಪ್ಪತ್ತು ಸಲ ಅಂಗಡಿ ಮೆಟ್ಟಿಲು ಹತ್ತಿ ಇಳಿದರೆ ಕಬ್ಬಿಣದ ಮೊಣಕಾಲಾದರೂ ಸವೆಯುತ್ತೆ. ಅವಳ ಬಟ್ಟೆ ಅಂಗಡಿಯಲ್ಲಿ ನಿನಗೆ ಕೂರುವುದಕ್ಕೆ ಒಂದು ಸ್ಟೂಲಾದರೂ ಕೊಟ್ಟಿದ್ದಾಳಾ? ಇಲ್ಲಿ ನಿಮ್ಮಮ್ಮ ದಿನಾ ನನ್ನನ್ನು ಬೈದುಕೊಂಡು ಆರೋಗ್ಯವಾಗಿದ್ದಾಳೆ. ನಾನೂ ಬೈಸಿಕೊಂಡು ಚೆನ್ನಾಗಿಯೇ ಇದ್ದೀನಿ. ಕಣ್ಣಿನದೊಂದು ಸಣ್ಣ ವಿಷಯ ಇದೆ, ಅದನ್ನು ಆಮೇಲೆ ಬರೀತೀನಿ.

ನೀನು ಹೋಗಿ ಎರಡು ತಿಂಗಳಾಯಿತು. ನಾನು ಕಾಗದ ಹಾಕಲಿಲ್ಲ, ನೀನೂ ಹಾಕಲಿಲ್ಲ. ಹಠದಲ್ಲಿ ಅಪ್ಪನಿಗೆ ತಕ್ಕ ಮಗಳು. ಬ್ಯಾಂಡಿನವರ ನಲವತ್ತು ಕೋಟುಗಳಿಗೆ ಅಂತ ನಾವು ಅದ್ದಿಕೊಟ್ಟ ಕೆಂಪು ಬಟ್ಟೆ, ನೇರಳೆಗೆ ತಿರುಗಿದೆ ಅಂತ ವಾಪಸ್ಸು ಬಂದ ದಿನ ನಾನು ಏನಂದೆ ಅನ್ನೋದು ನನಗೆ ನೆನಪಿದೆ. ಬ್ಯಾಂಡಿನ ಯಜಮಾನ, ಅವನ ಹಿಂದೆ ಬಂದಿದ್ದ ಇಬ್ಬರು ವಾದ್ಯದವರು, ಎದುರುಮನೆ ದರ್ಜಿ, ಇಷ್ಟು ಜನರ ಮುಂದೆ 'ಬಣ್ಣ ತೂಗಿದ್ದು ಇವಳು' ಅಂದುಬಿಟ್ಟೆ. ನೀನು ಕೈ ತೊಳೆದುಕೊಂಡು ಒಳಗೆ ಹೋದೆ, ಸಂಜೆ ಬಸ್ಸಿಗೆ ಹೊರಟುಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಿಮ್ಮಜ್ಜಿ ಹೇಳುತ್ತಿದ್ದಳು, ನಾನು ಆಗ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಆ ಬಟ್ಟೆ ಕೆಟ್ಟದ್ದು ಯಾರಿಂದ ಅನ್ನೋದು ಇತ್ಯರ್ಥ ಆಗದೆ ನೀನು ಈ ಹೊಸಿಲು ತುಳಿಯೋದಿಲ್ಲ ಅಂತ ನನಗೆ ಗೊತ್ತು. ನಿಮ್ಮಮ್ಮನಿಗೂ ಗೊತ್ತು.

ಈ ಸಲ ಬಿಸಿಲು ವಿಪರೀತ. ನಲ್ಲಿ ಪಕ್ಕದ ದಾಸವಾಳ ಮಾತ್ರ ಹಿಗ್ಗಿಕೊಂಡು ದಿನಕ್ಕೆ ಮೂವತ್ತು ಹೂ ಬಿಡುತ್ತೆ, ಸಂಜೆಗೆ ಮುದುಡಿ ಉದುರುತ್ತೆ. ನಿಮ್ಮಮ್ಮ ಗುಡಿಸುವಾಗಲೆಲ್ಲ, 'ಅವಳಿದ್ದಿದ್ದರೆ ಇಷ್ಟೂ ಹೂವು ಶರಬತ್ತಾಗ್ತಿತ್ತು' ಅಂತ ಪೊರಕೆಗೆ ಹೇಳುತ್ತಾಳೆ, ನನಗಲ್ಲ. ಕೇಳೀ ಕೇಳೀ ಸಾಕಾಗಿ, ಹೋದ ಭಾನುವಾರದ ಹಿಂದಿನ ಭಾನುವಾರ, ಅದೇನು ಬ್ರಹ್ಮವಿದ್ಯೆಯಾ, ನಾನೇ ಮಾಡ್ತೀನಿ ಅಂದೆ. ಮೂವತ್ತೈದು ವರ್ಷ ಬಣ್ಣ ಕುದಿಸಿದ ಕೈ ಅಲ್ಲವಾ? ಕಬ್ಬಿಣದ ಬಾಣಲೆ ಇಟ್ಟು, ಮೂವತ್ತು ಹೂವನ್ನೂ ತೊಟ್ಟು ಸಮೇತ ಹಾಕಿ, ಅರ್ಧ ಗಂಟೆ ಕೊತಕೊತ ಕುದಿಸಿದೆ. ಬಣ್ಣದ ಹಂಡೆಗೆ ಹಾಕಿ ರೂಢಿಯಾದ ಕೈ, ತಾನೇ ಹೋಗಿ ಒಂದು ಹಿಡಿ ಉಪ್ಪನ್ನೂ ಹಾಕಿತು. ಆಮೇಲೆ ರುಚಿ ನೋಡುವುದು ಬಿಟ್ಟು, ಬಿಳಿ ಬಟ್ಟೆಯ ಚೂರೊಂದನ್ನು ಅದ್ದಿ ಎತ್ತಿ ನೋಡುತ್ತಾ ನಿಂತಿದ್ದೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು, 'ಇದು ಕುಡಿಯೋದಕ್ಕೋ, ಪರದೆ ಅದ್ದೋದಕ್ಕೋ?' ಅಂದಳು. ಸೌಟು ಎತ್ತಿದರೆ ಲೋಳೆ ಮೊಳದುದ್ದ ಜೋಲುತ್ತಿತ್ತು. ಮರ್ಯಾದೆಯಾಗಿ ಮೋರಿಗೆ ಸುರಿದೆ.

ಸೋತೆ ಅಂತ ಒಪ್ಪಿಕೊಳ್ಳುವ ಜನ್ಮ ಅಲ್ಲವಲ್ಲ ನಮ್ಮದು. ಮರುದಿನ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ನೀನು ಅಂಟಿಸಿದ ಚೀಟಿ ಹುಡುಕಿದೆ. ಎಷ್ಟು ಚೆನ್ನಾಗಿ ಬರೆದಿದ್ದೀಯೆ! ಬೆಳಗ್ಗೆ ಬಿರಿದ ಹೂವೇ ಆಗಬೇಕು, ಹಸಿರು ತೊಟ್ಟು ಮತ್ತು ನಡುವಿನ ಕಡ್ಡಿ ತೆಗೆಯಬೇಕು, ಬರೀ ಎಸಳು ಸಾಕು. ಸ್ಟೀಲಿನ ಪಾತ್ರೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಎಸಳು ಹಾಕಿ ಮುಚ್ಚಿಡಬೇಕು, ಕುದಿಸಬಾರದು. 'ಬಾರದು' ಕೆಳಗೆ ಎರಡು ಗೆರೆ ಎಳೆದಿದ್ದೀಯ, ಯಾರನ್ನು ನೆನೆಸಿಕೊಂಡು ಎಳೆದೆಯೋ. ಹತ್ತು ನಿಮಿಷದ ಹೊತ್ತಿಗೆ ಎಸಳೆಲ್ಲ ಬಿಳುಚಿಕೊಂಡು ಬಣ್ಣವೆಲ್ಲ ನೀರಿಗೆ ಇಳಿದಿತ್ತು. ಸೋಸಿ, ಸಕ್ಕರೆ ಕಲಸಿ, ಜಜ್ಜಿದ ಶುಂಠಿ ಹಾಕಿ ಆರಲು ಬಿಟ್ಟೆ. ಕೊನೆಯ ಸಾಲು: 'ಬಣ್ಣ ತಿರುಗುವವರೆಗೆ ನಿಂಬೆ ಹಿಂಡಬೇಕು.' ಸರಿ, ಅರ್ಧ ಹೋಳು ಹಿಂಡಿದೆ. ತಿರುಗಲಿಲ್ಲ. ಇನ್ನರ್ಧ ಹಿಂಡಿದೆ. ಊಹೂಂ. ಸುಳ್ಳು ನಿಂಬೆ ಕೊಟ್ಟಿದ್ದಾನೆ ಅಂತ ತರಕಾರಿಯವನನ್ನು ಬೈದುಕೊಂಡು ಇನ್ನೊಂದು ಕೊಯ್ದೆ. ಹೀಗೇ ಬುಟ್ಟಿಯಲ್ಲಿದ್ದ ಆರೂ ನಿಂಬೆ ಮುಗಿದವು. ನಿಮ್ಮಮ್ಮ ಒಂದು ಗುಟುಕು ಕುಡಿದು, ಮುಖವನ್ನೆಲ್ಲ ಒಂದೇ ಕಡೆ ಹಿಂಡಿಕೊಂಡು, 'ಮೊದಲನೇ ಹೋಳಿಗೇ ಕೆಂಪಗಾಯ್ತಲ್ಲ, ನಾನು ಇಲ್ಲಿಂದಲೇ ನೋಡಿದೆ. ನಿಮಗೆ ಕಾಣಲಿಲ್ವಾ?' ಅಂದಳು. ಕಂಡಿತು, ಸ್ವಲ್ಪ ಹುಳಿ ಮುಂದಿರಲಿ ಅಂತ ಹಿಂಡಿದೆ ಅಂದೆ. ಅವಳು ನೀರು ಬೆರೆಸಿದಳು. ಆರು ನಿಂಬೆಯ ಹುಳಿ ಇಳಿಸಲು ನೀರು ಸಕ್ಕರೆ ಸೇರಿಸೀ ಸೇರಿಸೀ ಶರಬತ್ತು ಒಂದು ಬಕೆಟ್ಟಾಯಿತು. ಅವತ್ತು ಬೀದಿಯವರೆಲ್ಲ ಕುಡಿದು ನಿನ್ನನ್ನು ಹೊಗಳಿದರು, ನನ್ನನ್ನಲ್ಲ.

ಮಗಳೇ, ಅವತ್ತು ನನಗೆ ಊಟ ಸೇರಲಿಲ್ಲ. ಮರುದಿನ ಯಾರಿಗೂ ಹೇಳದೆ ಮತ್ತೆ ಮಾಡಿದೆ. ಎರಡು ಗಾಜಿನ ಲೋಟಕ್ಕೆ ಹಾಕಿ ಒಂದಕ್ಕೆ ಮಾತ್ರ ನಿಂಬೆ ಹಿಂಡಿ, ಬಿಸಿಲಿಗೆ ಇಟ್ಟು ದರ್ಜಿಯನ್ನು ಕರೆದೆ. 'ಇದು ಅಪ್ಪಟ ನೇರಳೆ, ಅದು ಕೆಂಪು, ಚಿಕ್ಕ ಮಗೂನೂ ಹೇಳುತ್ತೆ' ಅಂದ. ನನ್ನ ಕಣ್ಣಿಗೆ ಎರಡೂ ಒಂದೇ, ಹಳೇ ಇಟ್ಟಿಗೆಯ ಹಾಗೆ. ಮಾದರಿ ಬಟ್ಟೆಗಳ ಪುಸ್ತಕ ಬಿಚ್ಚಿ ಕೆಂಪು ಚೂರುಗಳನ್ನೆಲ್ಲ ಒಂದು ಕಡೆ ಇಟ್ಟೆ. ದರ್ಜಿ ಅದರೊಳಗಿಂದ ಏಳು ನೇರಳೆ ಚೂರು ಹೆಕ್ಕಿ ಆಚೆ ಇಟ್ಟ. ಕಣ್ಣಿನ ಡಾಕ್ಟರು ಪೊರೆ ಬಂದಿದೆ ಅಂದರು, ಎರಡಕ್ಕೂ. ಅದು ನಿಧಾನಕ್ಕೆ ಹಳದಿಗಟ್ಟುತ್ತಂತೆ, ನೀಲಿ ನೇರಳೆಗಳು ಮೊದಲು ಕೈಕೊಡುತ್ತವಂತೆ, ಒಂದು ವರ್ಷದಿಂದಲಾದರೂ ಇದ್ದಿರಬೇಕಂತೆ. ಮುಂದಿನ ತಿಂಗಳು ಒಂದು ಕಣ್ಣಿಗೆ ಆಪರೇಷನ್, ಆಮೇಲೆ ಇನ್ನೊಂದಕ್ಕೆ. ಹೆದರಬೇಡ, ದೊಡ್ಡ ವಿಷಯ ಏನಲ್ಲ ಅಂತ ಅವರೇ ಹೇಳಿದರು. ನನಗೆ ಭಯ ಆಗಿದ್ದು ಕಣ್ಣಿಗಲ್ಲ.

ಇನ್ನೇನು ವಿಶೇಷ? ಒಣಗಿಸುವ ತಂತಿಗೆ ಹೊಸ ಗೂಟ ಹೊಡೆಸಿದೆ. ನಿನ್ನ ತಕ್ಕಡಿಗೆ ಧೂಳು ಕೂರದ ಹಾಗೆ ನಿಮ್ಮಮ್ಮ ಬಟ್ಟೆ ಹೊದಿಸಿದ್ದಾಳೆ. ನಿನಗೆ ಚಿಟಿಕೆ ಅಂತ ಹೆಸರು ಬಂದದ್ದು ಹೇಗೆ ಅಂತ ಮೊನ್ನೆ ಅವಳು ದರ್ಜಿಯ ಹೆಂಡತಿಗೆ ಹೇಳುತ್ತಿದ್ದಳು. ಐದು ವರ್ಷದ ನೀನು ಹಂಡೆಯ ಪಕ್ಕ ಕಾಲ್ತುದಿಯಲ್ಲಿ ನಿಂತು 'ಇನ್ನೊಂದು ಚಿಟಿಕೆ ಅಪ್ಪಾ' ಅನ್ನುತ್ತಿದ್ದೆಯಂತೆ, ಹಾಕಿ ನೋಡಿದರೆ ಸರಿಯಾಗಿಯೇ ಇರುತ್ತಿತ್ತಂತೆ. ಅಂತೆ ಏನು ಬಂತು, ಹಾಕಿದವನು ನಾನೇ. ಚಿಕ್ಕಮ್ಮನಿಗೆ ನಮ್ಮಿಬ್ಬರ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ, ಎಲ್ಲಿದ್ದರೂ ನಿನ್ನ ಕೈ ಕೆಲಸಕ್ಕೆ ಬೆಲೆ ಸಿಗಲಿ.

ನಿನ್ನ ಹಠದ ಮೂಲಪುರುಷ,
ಅಪ್ಪ

ತಾ.ಕ.: ದರ್ಜಿ ಅಂಚೆಗೆ ಹೊರಟು ಬಾಗಿಲಲ್ಲಿ ಕಾಯುತ್ತಿದ್ದಾನೆ, ಅದಕ್ಕೇ ಅವಸರದಲ್ಲಿ ಬರೀತೀನಿ. ಆ ಬಟ್ಟೆ ಕೆಡಿಸಿದ್ದು ನಾನು. ನೀನು ತೂಗಿದ್ದು ಸರಿಯಾಗಿಯೇ ಇತ್ತು. ಆಮೇಲೆ ಕೆಂಪು ಸಾಲದು ಅಂತ, ಕೆಂಪೇ ಅಂದುಕೊಂಡು ನೇರಳೆ ಪುಡಿ ಬೆರೆಸಿದವನು ನಾನು. ಪೊರೆಯ ಮೇಲೆ ತಪ್ಪು ಹೊರಿಸಿ ಈ ಕಾಗದ ಮುಗಿಸೋಣ ಅಂತಿದ್ದೆ, ಮನಸ್ಸು ಒಪ್ಪಲಿಲ್ಲ. ಹಂಡೆಯ ಪಕ್ಕ ನಿಂತು ನೀನು 'ನೇರಳೆ ಆಗ್ತಿದೆ ಅಪ್ಪಾ, ಇಲ್ಲಿಗೆ ನಿಲ್ಲಿಸು' ಅಂದಿದ್ದೆ. ಕಣ್ಣಿಗೆ ಪೊರೆ ಇತ್ತು, ಆದರೆ ಕಿವಿಗೆ ಅದು ಚೆನ್ನಾಗಿ ಕೇಳಿಸಿತ್ತು. ಗೊತ್ತಿದ್ದೂ ಅಷ್ಟು ಜನರ ಮುಂದೆ ನಿನ್ನ ಹೆಸರು ಹೇಳಿದೆ. ತಪ್ಪಾಯ್ತಮ್ಮ. ನಿನ್ನೆ ಬ್ಯಾಂಡಿನವರ ಮನೆಗೆ ಹೋಗಿ, ಯಜಮಾನನನ್ನೂ ವಾದ್ಯದವರಿಬ್ಬರನ್ನೂ ಕರೆಸಿ, ದರ್ಜಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಇದನ್ನೆಲ್ಲ ಹೇಳಿ ಬಂದೆ. ಅವರು ಹೊಸ ಬಿಳಿ ಬಟ್ಟೆ ಕೊಟ್ಟು ಕಳಿಸಿದ್ದಾರೆ. ಅದು ಮಡಿಸಿದ ಹಾಗೆಯೇ ಇದೆ. ಬಾ ಅನ್ನುವ ಮುಖ ನನಗಿಲ್ಲ. ನೀನಾಗಿ ಬಂದು, ಹಂಡೆಯ ಪಕ್ಕ ನಿಂತು ನಿಲ್ಲಿಸು ಅಂದರೆ, ಅಲ್ಲಿಗೇ ಪುಡಿ ಹಾಕೋದು ನಿಲ್ಲಿಸ್ತೀನಿ. ನೀನು ಬರದಿದ್ದರೆ ಅದನ್ನು ಬಿಳಿಯಾಗಿಯೇ ವಾಪಸ್ಸು ಕೊಡ್ತೀನಿ.