ಒಂದೂವರೆ ವೀಣೆ

ಅರಸೀಕೆರೆ
ಬುಧವಾರ, 5-2-2025

‘ಸ್ವರವಾರ’ ವಾರಪತ್ರಿಕೆಯ ಘನ ವಿಮರ್ಶಕರಿಗೆ, ಅಂದರೆ ನಮ್ಮ ಸಿರಿಯ ಅಪ್ಪನಿಗೆ, ಶರ್ಮಿಳಾ ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿ ಮೊದಲಿನಷ್ಟೇ ನೋಯುತ್ತದೆ, ಬಾಯಿ ಮೊದಲಿಗಿಂತ ಚುರುಕಾಗಿದೆ. ಚಳಿಗೆ ನನ್ನ ಎಡಗಿವಿ ಪ್ರತಿ ವರ್ಷದಂತೆ ಕೇಳಿಸುವುದಿಲ್ಲ ಎಂದು ಹಟ ಹಿಡಿದು ಕೂತಿದೆ. ಬೇಲೂರಿನಲ್ಲಿ ನಿಮ್ಮ ರೂಮಿನ ಓನರು ಸ್ನಾನಕ್ಕೆ ಬಿಸಿನೀರು ಕೊಡುತ್ತಾರೋ ಇಲ್ಲವೋ ಕೇಳು ಎಂದು ಅತ್ತೆ ಹೇಳಿದರು, ಕೇಳಿದ್ದೇನೆ. ಅದು ಅವರ ಪ್ರಶ್ನೆ, ನನ್ನದಲ್ಲ.

ವಾಟ್ಸಾಪ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಅಲ್ಲಿ ನಾನು ಎಷ್ಟು ಉದ್ದ ಬರೆದರೂ ನಿಮ್ಮಿಂದ ವಾಪಸು ಬರುವುದು ಒಂದು ಹೆಬ್ಬೆಟ್ಟು. ಎಂ.ಎ. ಓದಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು ಹೆಂಡತಿಗೆ ಹೆಬ್ಬೆಟ್ಟು ಒತ್ತಿ ಕಳಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ವಿಷಯ ಇಷ್ಟು. ಇದೇ ಹದಿನಾರನೇ ತಾರೀಖು ಭಾನುವಾರ ಸಂಜೆ ಹುಲಿಕೆರೆಯಲ್ಲಿ, ಕಲ್ಯಾಣಿಯ ಪಕ್ಕದ ಬಯಲಿನಲ್ಲಿ, ಸಿರಿಯ ವಚನ ಗಾಯನ ಇದೆ. ನಾಲ್ಕು ಜನರ ನಡುವೆ ಒಂದು ಹಾಡು ಹೇಳಿ ಇಳಿಯುವುದಲ್ಲ, ಪೂರ್ತಿ ಕಾರ್ಯಕ್ರಮ ಅವಳದೇ. ನೀವು ಬರಬೇಕು. ಬರಬೇಕು ಎನ್ನುವುದನ್ನು ಹೇಳಲು ಒಂದು ಸಾಲು ಸಾಕಿತ್ತು, ಹೇಗೆ ಬರಬೇಕು ಎಂದು ಹೇಳಲು ಇಷ್ಟುದ್ದ ಕಾಗದ ಬೇಕಾಯಿತು.

ಅದಕ್ಕೂ ಮೊದಲು ನಿಮ್ಮ ಪತ್ರಿಕೆಗೆ ಸ್ವಲ್ಪ ಮಂಗಳಾರತಿ ಆಗಬೇಕು.

ಶುಕ್ರವಾರ ಬಂತೆಂದರೆ ನಮ್ಮ ಮನೆಯಲ್ಲಿ ‘ಸ್ವರವಾರ’ದ ಪಾರಾಯಣ. ಈಗ ಅವರೆಕಾಯಿ ಕಾಲ, ಅತ್ತೆ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ. ‘ಸಭಿಕರು ತಲೆದೂಗಿದರು’ ಎಂದು ಓದಿದ ಕೂಡಲೇ ಅತ್ತೆ, ನಿದ್ದೆಗೋ ಎಂದು ಕೇಳುತ್ತಾರೆ. ‘ಭರವಸೆಯ ಯುವ ಗಾಯಕ’ ಎಂದು ನಿಮ್ಮವರು ಹೊಗಳಿದ ಮನುಷ್ಯನಿಗೆ ಹೋದ ವರ್ಷ ಮೊಮ್ಮಗ ಹುಟ್ಟಿದ್ದಾನೆ, ನಾಮಕರಣಕ್ಕೆ ನಾನೇ ಹೋಗಿದ್ದೆ. ಇನ್ನು ‘ಪಕ್ಕವಾದ್ಯದವರು ಪೂರಕವಾಗಿ ಸಹಕರಿಸಿದರು’. ಈ ಸಾಲು ಇಲ್ಲದ ಸಂಚಿಕೆಯನ್ನು ನಾನು ಕಂಡಿಲ್ಲ. ಪಾಪ, ಅವರೂ ವರ್ಷಗಟ್ಟಲೆ ಕಲಿತು ಬಂದವರು. ನಿಮ್ಮ ಪತ್ರಿಕೆ ಓದಿದರೆ ಕೆಟ್ಟು ನಿಂತ ಲಾರಿ ತಳ್ಳಲು ಬಂದವರು ಎನ್ನಿಸುತ್ತದೆ. ಕೊನೆಯ ಪುಟದಲ್ಲಿ ಯಾವ ಮೈಕ್‌ಸೆಟ್ ಅಂಗಡಿಯ ಜಾಹೀರಾತು ಬರುತ್ತದೋ, ಒಳಪುಟದಲ್ಲಿ ಅದೇ ಅಂಗಡಿಯ ‘ಸುಸ್ಪಷ್ಟ ಧ್ವನಿವ್ಯವಸ್ಥೆ’ಗೆ ಅಭಿನಂದನೆ. ಬಾಣಾವರದ ಕಾರ್ಯಕ್ರಮದಲ್ಲಿ ಆ ಸುಸ್ಪಷ್ಟ ಧ್ವನಿವ್ಯವಸ್ಥೆ ಕುಂಯ್ ಎಂದ ಏಟಿಗೆ ಮುಂದಿನ ಸಾಲಿನ ಮಕ್ಕಳು ಎದ್ದು ಓಡಿದ್ದವು.

ಎಲ್ಲಕ್ಕಿಂತ ಮೇಲೆ ನಿಮ್ಮ ವೀಣೆಗಳು. ಸಿನಿಮಾಕ್ಕೆ ನಕ್ಷತ್ರ ಕೊಡುತ್ತಾರೆಂದು ನಿಮ್ಮ ಸಂಪಾದಕರಿಗೂ ಹುಕಿ ಬಂದು, ಹಾಡಿದವರಿಗೆಲ್ಲ ಐದಕ್ಕೆ ಇಷ್ಟು ಎಂದು ಪುಟ್ಟ ಪುಟ್ಟ ವೀಣೆ ಅಚ್ಚು ಹಾಕುತ್ತಾರಲ್ಲ, ಅದು. ಮೂರು ವೀಣೆ, ಮೂರೂವರೆ ವೀಣೆ! ಕೊಬ್ಬರಿ ಗ್ರೇಡು ಮಾಡುವ ಹಾಗೆ ಕಂಠಗಳನ್ನು ಗ್ರೇಡು ಮಾಡಿ ಗುಡ್ಡೆ ಹಾಕುವುದು.

ಸತ್ಯ ಹೇಳುತ್ತೇನೆ, ನಿಮ್ಮ ಪತ್ರಿಕೆಯಲ್ಲಿ ಓದಲು ಯೋಗ್ಯವಾದದ್ದು ವಾಚಕರ ಪತ್ರಗಳ ಮೂಲೆ ಮಾತ್ರ. ಅದರಲ್ಲೂ ಕಣಕಟ್ಟೆಯ ಗಿಡ್ಡಮ್ಮ ಬರೆಯುವುದು. ‘ಅರ್ಧ ವೀಣೆ ಕೊಟ್ಟ ವಿಮರ್ಶಕರು ಉಳಿದರ್ಧವನ್ನು ಒಲೆಗೆ ಇಟ್ಟುಕೊಂಡರೇ?’ ಎಂದು ಕೇಳಿದ್ದಳಲ್ಲ, ಅತ್ತೆ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ನೀವು ಅವಳಿಗೆ ವಾರ ವಾರವೂ ಕಾಲಂ ಪೂರ್ತಿ ಉತ್ತರ ಕೊಡುವುದನ್ನು ನೋಡಿದರೆ ಬೇಲೂರಿನಲ್ಲಿ ಬೇರೆ ಯಾರೂ ಮಾತಾಡಿಸುವುದಿಲ್ಲವೇನೋ ಎನ್ನಿಸುತ್ತದೆ. ಅವಳು ನನ್ನ ತವರಿನ ಕಡೆಯವಳು ಎಂದು ನನಗೊಂದು ಅಭಿಮಾನ, ಅಷ್ಟೇ.

ಓದಿ ಮುಗಿದ ಮೇಲೆ ‘ಸ್ವರವಾರ’ವನ್ನು ನೆಲಕ್ಕೆ ಹಾಸಿ ಅವರೆಕಾಳಿನ ಸಿಪ್ಪೆ ಸುರಿಯುತ್ತೇವೆ. ನೀವು ಬರೆದ ಪುಟವನ್ನು ಮಾತ್ರ ಅತ್ತೆ ಮೊದಲೇ ತೆಗೆದಿಡುತ್ತಾರೆ. ಅವರು ಮರೆತ ದಿನ ನಾನು ತೆಗೆದಿಟ್ಟಿದ್ದೇನೆ.

ನಗು ಇಲ್ಲಿಗೆ ಸಾಕು. ಆ ಒಂದೂವರೆ ವೀಣೆಯ ಮಾತಿಗೆ ಬರುತ್ತೇನೆ.

ಮೂರು ವರ್ಷ ಆಯಿತು. ಸಿರಿಗೆ ಆಗ ಹದಿನಾರು. ಅನುಸೂಯಮ್ಮ ಟೀಚರ್ ತಮ್ಮ ಶಿಷ್ಯೆಯರನ್ನೆಲ್ಲ ಕಲ್ಯಾಣ ಮಂಟಪದಲ್ಲಿ ಹಾಡಿಸಿದರು. ಸ್ವಂತ ಮಗಳು ಹಾಡುವ ಕಾರ್ಯಕ್ರಮದ ವಿಮರ್ಶೆ ಬೇಡ ಎಂದು ನಾನು ಹೇಳಿದ್ದೆ. ನೀವು ಬರೆದಿರಿ. ಬರೆದು, ಎಲ್ಲಿ ಜನ ಅಪ್ಪ ಮಗಳನ್ನು ಎತ್ತಿ ಆಡಿಸಿದ ಎನ್ನುತ್ತಾರೋ ಎಂದು ಹೆದರಿ, ಬೇರೆ ಹುಡುಗಿಯರಿಗೆಲ್ಲ ಮೂರು ವೀಣೆ ಕೊಟ್ಟು ನಮ್ಮವಳಿಗೆ ಒಂದೂವರೆ ಕೊಟ್ಟಿರಿ. ‘ಕಂಠ ಇನ್ನೂ ಎಳಸು, ಭಾವಕ್ಕಿಂತ ಆತುರ ಹೆಚ್ಚು.’ ಅದನ್ನು ಊಟಕ್ಕೆ ಕೂತಾಗ ನೀವೇ ಓದಿ ಹೇಳಿದಿರಿ. ನಿಮ್ಮ ನ್ಯಾಯಬುದ್ಧಿಯನ್ನು ಮಗಳು ಮೆಚ್ಚುತ್ತಾಳೆ ಎಂದು ನಂಬಿದ್ದಿರಿ. ನಿಮ್ಮ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಹುಮಾನ ತಂದವರ ಮುಖದ ಹಾಗಿತ್ತು.

ಸಿರಿ ತಟ್ಟೆ ಬಿಟ್ಟು ಎದ್ದಳು. ಶ್ರುತಿ ಪೆಟ್ಟಿಗೆ ಬೀರುವಿನ ಮೇಲೆ ಹೋಯಿತು. ಆ ಪೆನ್ನು ಇರುವ ಕಡೆ ನನ್ನ ಮಗಳು ಬಾಯಿ ಬಿಡುವುದಿಲ್ಲ ಎಂದು ನಾನು ಕೂಗಾಡಿದೆ. ಅದುವರೆಗೆ ಎರಡು ಸಲ ಬೇಡ ಎಂದಿದ್ದ ಬೇಲೂರಿನ ವರ್ಗಾವಣೆಯನ್ನು ನೀವು ಆ ವರ್ಷ ಒಪ್ಪಿಕೊಂಡಿರಿ. ವರ್ಗ ಆಯಿತು, ಏನು ಮಾಡುವುದು ಎಂದು ಊರಿಗೆಲ್ಲ ನಾನೇ ಹೇಳಿಕೊಂಡು ಬಂದೆ. ಬೇಲೂರೇನು ಕಾಶಿಯೇ? ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಕಣ್ಣಳತೆಯಲ್ಲಿ ಬೇಲೂರು. ದಿನಾ ಓಡಾಡುವ ಮೇಷ್ಟ್ರುಗಳು ಎಷ್ಟು ಜನ ಇಲ್ಲ! ಯುಗಾದಿಗೆ, ದೀಪಾವಳಿಗೆ ಬಂದು, ನೆಂಟರ ಹಾಗೆ ಹಜಾರದ ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಕುಡಿದು ಹೋಗುತ್ತೀರಿ. ನಾನು ಇನ್ನೊಂದು ಲೋಟ ಬೇಕೇ ಎಂದು ಕೇಳುವುದಿಲ್ಲ. ಕೇಳಬಹುದಿತ್ತು.

ನಿಮ್ಮ ಮನೆ ಕೊಬ್ಬರಿಯ ಮನೆ. ಅಟ್ಟದ ಮೇಲೆ ಹಾಕಿದ ಕಾಯಿ ತಾನಾಗಿ ಒಣಗಿ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುವವರೆಗೂ ಮಾವನವರು ಒಂದನ್ನೂ ಒಡೆಯಲು ಬಿಡುತ್ತಿರಲಿಲ್ಲವಂತೆ. ಅವರ ಮಗ ಹದಿನಾರು ವರ್ಷದ ಕಂಠವನ್ನು ಒಡೆದು ನೋಡಿ ಎಳಸು ಎಂದು ಬರೆದದ್ದು ನನಗೆ ಅರ್ಥವೇ ಆಗಲಿಲ್ಲ.

ಅವಳು ಮತ್ತೆ ಹಾಡಿದ್ದು ಆ ಅಟ್ಟದ ಮೇಲೆಯೇ. ಇದನ್ನು ನಿಮಗೆ ಹೇಳಿರಲಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಕಾಯಿ ನೋಡಿ ಬಾ ಎಂದು ಅತ್ತೆ ಅವಳನ್ನು ಹತ್ತಿಸಿದರು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ, ತನಗೇ ಗೊತ್ತಿಲ್ಲದೆ ಗುನುಗತೊಡಗಿದಳು. ಅತ್ತೆ ಕೆಳಗಿನಿಂದ ನನಗೆ ಬಾಯಿ ಮುಚ್ಚಿಕೊಂಡಿರು ಎಂದು ಸನ್ನೆ ಮಾಡಿದರು. ಕುಕ್ಕರ್ ಕೂಗುತ್ತದೆಂದು ನಾನು ಓಡಿ ಹೋಗಿ ಸ್ಟವ್ ಆರಿಸಿದೆ. ಅವತ್ತು ಅರೆಬೆಂದ ಅನ್ನ ಉಂಡೆವು. ಅಷ್ಟು ರುಚಿಯಾದ ಊಟ ನಾನು ಮಾಡಿಲ್ಲ. ಮಾರನೆಯ ವಾರ ಅವಳೇ ಅನುಸೂಯಮ್ಮನವರ ಮನೆಗೆ ಹೋದಳು.

ಈಗ ಕಳ್ಳತನದ ವಿಚಾರ. ಸಂಕ್ರಾಂತಿಯ ಮಾರನೆಯ ದಿನ ಜಾವಗಲ್‌ನಲ್ಲಿ ಸಿರಿ ಹಾಡಿದ್ದರ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಮೂಲೆಯಲ್ಲೊಂದು ಕಡೆ ಬಂತು. ಬರೆದವರ ಹೆಸರಿಲ್ಲ, ‘ನಮ್ಮ ಪ್ರತಿನಿಧಿಯಿಂದ’ ಎಂದಿತ್ತು. ವೀಣೆ ಇಲ್ಲ, ಕರ್ಣಾನಂದ ಇಲ್ಲ, ತಲೆದೂಗಿದವರೂ ಇಲ್ಲ. ‘ಮೇಲಿನ ಸ್ವರಕ್ಕೆ ಹೋಗುವ ಮೊದಲು ಹುಡುಗಿ ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಆಮೇಲೆ ಹೆದರಿಕೆ ಇರಲಿಲ್ಲ.’ ಇಷ್ಟೇ. ನಾನು ಓದುವುದನ್ನು ನಿಲ್ಲಿಸಿದೆ. ಅತ್ತೆ ಯಾಕೆ ಎಂದರು. ಕನ್ನಡಕ ಮಂಜಾಯಿತು ಎಂದೆ.

ಹೆಬ್ಬೆರಳನ್ನು ಹಾಗೆ ಮುಚ್ಚಿಕೊಳ್ಳುವುದನ್ನು ಅವಳಿಗೆ ಕಲಿಸಿದವರು ನೀವು. ಒಂದನೇ ಕ್ಲಾಸಿಗೆ ಬಿಟ್ಟು ಬಂದ ದಿನ, ಅಳು ಬಂದರೆ ಹೆಬ್ಬೆರಳು ಹಿಡಿದುಕೋ, ಅದೇ ಅಪ್ಪ ಅಂದುಕೋ ಎಂದು ಹೇಳಿದ್ದಿರಿ. ಅದು ಆ ವೇದಿಕೆಯ ಮುಂದೆ ಕೂತವರಿಗೆ ಕಾಣುವಂತೆಯೇ ಇರಲಿಲ್ಲ, ಮುಂದೆ ತಬಲಾ ಇತ್ತು. ಬಲಗಡೆ, ಜನರೇಟರ್ ಪಕ್ಕದಲ್ಲಿ ನಿಂತವರಿಗೆ ಮಾತ್ರ ಕಾಣುತ್ತಿತ್ತು. ಆ ಸದ್ದಿನಲ್ಲಿ, ಆ ಡೀಸೆಲ್ ಹೊಗೆಯಲ್ಲಿ ನಿಂತು ಸಂಗೀತ ಕೇಳಿದ ವಿಮರ್ಶಕರು ಕರ್ನಾಟಕದಲ್ಲೇ ನೀವೊಬ್ಬರು. ನಿಮ್ಮ ಬರವಣಿಗೆಯಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಸಿರಿಯೂ ಓದಿದಳು. ಈ ಸೋಮವಾರ ಹುಲಿಕೆರೆಯ ಧರ್ಮೇಶ್, ಅವರೇ ಕಾರ್ಯಕ್ರಮ ಏರ್ಪಡಿಸಿರುವವರು, ಫೋನ್ ಮಾಡಿ ಬಹಳ ಸಂತೋಷದಿಂದ ಸುದ್ದಿ ಕೊಟ್ಟರು. ‘ಸ್ವರವಾರ’ದವರು ವಿಮರ್ಶೆಗೆ ನಿಮ್ಮನ್ನೇ ಕಳಿಸುತ್ತಾರಂತೆ, ಮೊದಲ ಸಾಲಿನಲ್ಲಿ ‘ಪತ್ರಿಕೆ’ ಎಂದು ಚೀಟಿ ಅಂಟಿಸಿದ ಕುರ್ಚಿ ಹಾಕಿಸುತ್ತಾರಂತೆ. ಅವರಿಗೆ ನೀವು ಯಾರೆಂದು ಗೊತ್ತಿಲ್ಲ. ಸಿರಿ ಫೋನ್ ಇಟ್ಟು ಶ್ರುತಿ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಮತ್ತೆ ಅದು ಬೀರುವಿನ ಮೇಲೆ ಹೋಗುತ್ತದೆಂದೇ ನಾನು ಹೆದರಿದೆ. ಆಮೇಲೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ಅಮ್ಮ, ಅಪ್ಪಂಗೆ ನೀನೇ ಬರಿ. ಬರೋದಾದ್ರೆ ಪೆನ್ನು ರೂಮಲ್ಲಿ ಬಿಟ್ಟು ಬರ್ಲಿ, ನಿಮ್ಮಿಬ್ರ ಜೊತೆ ಕೂತ್ಕೊಳ್ಲಿ. ಪೇಪರ್ ಕುರ್ಚೀಲಿ ಕೂತಿದ್ರೆ ನನಗೆ ಸ್ವರ ಬರಲ್ಲ.”

ಅತ್ತೆ ಒಳಗಿನಿಂದಲೇ ತಮ್ಮದನ್ನೂ ಸೇರಿಸಿದರು. “ಮಗು ಹಾಡ್ತೈತೆ ಅಂದ್ರೆ ಅಪ್ಪ ಅನ್ನೋನು ಎದುರಿಗೆ ಕೂತ್ಕಬೇಕು ಕಣೇ. ಕದ್ದು ನಿಂತ್ಕಳಾಕೆ ಅವ್ನೇನು ತೆಂಗಿನಕಾಯಿ ಕದಿಯಾಕ್ ಬಂದವ್ನಾ?”

ಸಂಪಾದಕರಿಗೆ ಒಲ್ಲೆ ಎನ್ನುವುದು ನಿಮಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಇಷ್ಟು ವರ್ಷ ಒಂದು ಕಚೇರಿಯನ್ನೂ ನೀವು ತಪ್ಪಿಸಿಲ್ಲ. ಜ್ವರದಲ್ಲಿ ಮಫ್ಲರ್ ಸುತ್ತಿಕೊಂಡು ಹೋಗಿದ್ದೀರಿ. ಸಂಗೀತವೆಂದರೆ ನಿಮಗೆ ಪ್ರಾಣ. ಅದನ್ನು ನಾನು ಯಾವತ್ತೂ ತಮಾಷೆ ಮಾಡಿಲ್ಲ, ನಾನು ತಮಾಷೆ ಮಾಡುವುದು ವೀಣೆಗಳನ್ನು. ಆದರೆ ಒಂದು ಕುರ್ಚಿಯಲ್ಲಿ ಅಪ್ಪ, ವಿಮರ್ಶಕ ಇಬ್ಬರೂ ಹಿಡಿಸುವುದಿಲ್ಲ, ನೀವು ಒಮ್ಮೆ ಪ್ರಯತ್ನಿಸಿ ನೋಡಿದ್ದೀರಿ. ಸಿರಿ ಚೆನ್ನಾಗಿ ಹಾಡುತ್ತಾಳೋ ಇಲ್ಲವೋ ಬೇರೆ ಯಾರಾದರೂ ಬರೆದುಕೊಳ್ಳಲಿ. ಎರಡು ವೀಣೆ ಕೊಟ್ಟರೆ ಅದನ್ನೂ ಅವರೆಕಾಳಿನ ಸಿಪ್ಪೆಗೆ ಹಾಸುತ್ತೇವೆ. ಅವಳು ಹೆಬ್ಬೆರಳು ಮುಚ್ಚಿಕೊಂಡಾಗ ಎದುರಿಗೆ ನೀವು ಕಾಣಿಸಬೇಕು, ಅಷ್ಟೇ ಬೇಕಾಗಿರುವುದು.

ಅತ್ತೆಯವರನ್ನು ಕರೆದುಕೊಂಡು ನಾವು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇವೆ. ಹಳೇಬೀಡಿನಲ್ಲಿ ಇಳಿದು ಹುಲಿಕೆರೆಗೆ ಆಟೋ. ನೀವು ಬೇಲೂರಿನಿಂದ ಬಂದು ಹಳೇಬೀಡಿನ ಸ್ಟ್ಯಾಂಡಿನಲ್ಲೇ ಕಾದರೆ ನಾಲ್ವರೂ ಒಂದೇ ಆಟೋದಲ್ಲಿ ಹೋಗಬಹುದು. ಅತ್ತೆಯ ಮಂಡಿಗೆ ಕಾಲು ಚಾಚುವಷ್ಟು ಜಾಗ ಬಿಡಿ ಎಂದು ಡ್ರೈವರ್‌ಗೆ ಹೇಳಲು ಗಂಡಸರೊಬ್ಬರು ಇದ್ದರೆ ಅನುಕೂಲ. ಹಿತುಕಿದ ಬೇಳೆ ಸಾರು ಡಬ್ಬಿಯಲ್ಲಿ ತರುತ್ತೇನೆ, ರಾತ್ರಿಗೆ ಎಲ್ಲರಿಗೂ ಆಗುವಷ್ಟು. ಎಲ್ಲರಿಗೂ ಎಂದರೆ ಎಷ್ಟು ಜನ ಎಂದು ಅಳೆದೇ ಕಾಳು ನೆನೆಹಾಕುತ್ತೇನೆ ಎನ್ನುವುದು ನಿಮ್ಮ ಗಮನಕ್ಕೆ.

ಇಂತಿ,
ಗ್ಯಾಸ್ ಬುಕ್ಕಿನಲ್ಲಿ ಇನ್ನೂ ನಿಮ್ಮ ಹೆಸರನ್ನೇ ಉಳಿಸಿಕೊಂಡಿರುವ
ಶರ್ಮಿಳಾ

ಮರೆತ ಮಾತು: ಕಳೆದ ಶುಕ್ರವಾರದ ಸಂಚಿಕೆಯಲ್ಲಿ ಗಿಡ್ಡಮ್ಮನಿಗೆ ನೀವು ಕೊಟ್ಟ ಉತ್ತರವನ್ನು ಮತ್ತೆ ಓದಿದೆ. ವೀಣೆ, ಒಲೆ ಎಲ್ಲದರ ವಾದ ಮುಗಿದ ಮೇಲೆ ಕೊನೆಗೊಂದು ಸಾಲು ಹಾಕಿದ್ದೀರಿ: ‘ಚಳಿ ಹೆಚ್ಚಾಗಿದೆ, ಗಿಡ್ಡಮ್ಮನವರು ಎಡಗಿವಿಗೆ ಹತ್ತಿ ಇಟ್ಟುಕೊಂಡು ಕಚೇರಿಗಳಿಗೆ ಹೋಗುವುದು ಒಳ್ಳೆಯದು.’ ಗಿಡ್ಡಮ್ಮ ತನ್ನ ಒಂದು ಪತ್ರದಲ್ಲೂ ಕಿವಿಯ ಸುದ್ದಿ ಎತ್ತಿಲ್ಲ. ನನಗೆ ಚೆನ್ನಾಗಿ ಗೊತ್ತು, ಅಷ್ಟನ್ನೂ ಬರೆದವಳು ನಾನೇ. ನಿಮಗೆ ಯಾವತ್ತಿನಿಂದ ಗೊತ್ತಿತ್ತು? ಉತ್ತರವನ್ನು ಪೇಪರಿನಲ್ಲಿ ಹಾಕಬೇಡಿ. ಹುಲಿಕೆರೆಯಲ್ಲಿ ನನ್ನ ಬಲಗಡೆಯ ಕುರ್ಚಿಯನ್ನು ಖಾಲಿ ಇಟ್ಟಿರುತ್ತೇನೆ. ಆ ಕಿವಿ ಚೆನ್ನಾಗಿ ಕೇಳಿಸುತ್ತದೆ.